ಹಿರಿಯ ಈಜುಗಾರರ ನಾಡಿ

ವಿಶ್ರಾಂತಿಯಲ್ಲಿರುವ ವಯಸ್ಕರ ನಾಡಿ ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 100 ಬಾರಿ ಮಿಡಿದರೆ, ಹತ್ತಾರು ವರ್ಷ ಸ್ಪರ್ಧೆಗಾಗಿ ಈಜಿದವರ ನಾಡಿ 50ಕ್ಕೂ ಕೆಳಗಿಳಿದು, ಕೆಲವರಲ್ಲಿ 40ರ ಆಸುಪಾಸಿನಲ್ಲಿ ನಿಲ್ಲುವುದುಂಟು. ನಿಮಿಷಕ್ಕೆ 70ರಂತೆ ನಡೆಯುವ ಹೃದಯ ದಿನವೊಂದರಲ್ಲಿ ಒಂದು ಲಕ್ಷ ಬಾರಿ ಬಡಿದು ಮಾಡುವ ಕೆಲಸವನ್ನು 50ರಂತೆ ನಡೆಯುವ ಹೃದಯ 72 ಸಾವಿರ ಬಡಿತಗಳಲ್ಲಿ ಮುಗಿಸುತ್ತದೆ. ಈ ಉಳಿತಾಯವನ್ನು ಕಂಡು ಈಜುಗಾರರೂ ಅವರ ಮನೆಯವರೂ, ಎಷ್ಟೋ ವೇಳೆ ವೈದ್ಯರೂ, ನಿಧಾನದ ನಾಡಿಯನ್ನು ಆರೋಗ್ಯದ ಪ್ರಮಾಣಪತ್ರವೆಂದೇ ತಿಳಿಯುತ್ತಾರೆ. ಈ ತಿಳಿವಳಿಕೆ ಬಹುಮಟ್ಟಿಗೆ ಸರಿಯಾದದ್ದೇ. ಆದರೆ ನಾಡಿಯನ್ನು ನಿಧಾನಗೊಳಿಸಿದ ಅದೇ ದೀರ್ಘ ಸಾಧನೆ, ಅರವತ್ತರ ನಂತರದ ಕೆಲವು ಹೃದಯಗಳಲ್ಲಿ, ನಾಡಿಯ ಲಯ ತಪ್ಪುವುದಕ್ಕೂ ನೆಲವನ್ನು ಹದಮಾಡಿರುತ್ತದೆ ಎಂಬುದು ಕಳೆದ ಮೂರು ದಶಕಗಳ ಅಧ್ಯಯನಗಳಿಂದ ಸ್ಪಷ್ಟವಾಗುತ್ತ ಬಂದಿದೆ. ನಾಡಿ ಎಷ್ಟು ಬಾರಿ ಮಿಡಿಯುತ್ತದೆ ಎಂಬುದರ ಜೊತೆಗೆ ಎಷ್ಟು ಸಮನಾಗಿ ಮಿಡಿಯುತ್ತದೆ ಎಂಬುದನ್ನೂ ಹಿರಿಯ ಈಜುಗಾರರು ಗಮನಿಸಬೇಕಾಗಿರುವುದು ಈ ಕಾರಣಕ್ಕೆ.

ಹಿರಿಯರ ಸ್ಪರ್ಧಾತ್ಮಕ ಈಜಿಗೆ ‘ಮಾಸ್ಟರ್ಸ್’ ಎಂಬ ಹೆಸರಿದೆ. ಅದು ಹುಟ್ಟಿದ್ದೇ ಒಬ್ಬ ವೈದ್ಯರ ಆಲೋಚನೆಯಿಂದ. ಅಮೆರಿಕದ ನೌಕಾಪಡೆಯ ವೈದ್ಯ ರ‍್ಯಾನ್ಸಮ್ ಆರ್ಥರ್ ಅವರು, ವಯಸ್ಕರಿಗೆ ವ್ಯಾಯಾಮ ಮಾಡಿರೆಂದು ಬರಿಯ ಬಾಯಿಮಾತಿನಲ್ಲಿ ಬೋಧಿಸಿದರೆ ಫಲವಿಲ್ಲ, ಮುಂದೆ ಒಂದು ಸ್ಪರ್ಧೆ ಇದೆಯೆಂದಾದರೆ ಅವರು ತಾವಾಗಿಯೇ ನೀರಿಗಿಳಿಯುತ್ತಾರೆ ಎಂದು ನಂಬಿದವರು. ಅವರ ಪ್ರಯತ್ನದಿಂದ 1970ರ ಮೇ ತಿಂಗಳಲ್ಲಿ ಟೆಕ್ಸಾಸ್ ರಾಜ್ಯದ ಅಮರಿಲೋ ಪಟ್ಟಣದಲ್ಲಿ ಮೊದಲ ಕೂಟ ನಡೆಯಿತು; 1986ರಲ್ಲಿ ಟೋಕಿಯೋದಲ್ಲಿ ವಿಶ್ವ ಮಾಸ್ಟರ್ಸ್ ಸ್ಪರ್ಧೆಯೂ ಆರಂಭವಾಯಿತು. ಅಂತರರಾಷ್ಟ್ರೀಯ ನಿಯಮದಂತೆ 25ನೆಯ ವಯಸ್ಸಿನಿಂದ ಆರಂಭಿಸಿ ಐದೈದು ವರ್ಷಕ್ಕೊಂದು ವಯೋವರ್ಗವಿದ್ದು, ವಯಸ್ಸನ್ನು ಆಯಾ ವರ್ಷದ ಡಿಸೆಂಬರ್ 31ಕ್ಕೆ ಲೆಕ್ಕ ಹಾಕಲಾಗುತ್ತದೆ. ಇದರಿಂದಾಗಿ 64 ವರ್ಷದವರು ತಮ್ಮ ವರ್ಗದಲ್ಲಿ ಎಲ್ಲರಿಗಿಂತ ಹಿರಿಯರಾಗಿದ್ದು, ಮರುವರ್ಷ 65–69ರ ವರ್ಗಕ್ಕೆ ಸೇರಿದೊಡನೆ ಎಲ್ಲರಿಗಿಂತ ಕಿರಿಯರಾಗುತ್ತಾರೆ. ದಾಖಲೆಗಳು ಮುರಿಯುವುದು ಹೆಚ್ಚಾಗಿ ಈ ಮೊದಲ ವರ್ಷದಲ್ಲಿಯೇ ಆದ್ದರಿಂದ, ಹುಟ್ಟುಹಬ್ಬವನ್ನು ಆಸೆಯಿಂದ ಎದುರುನೋಡುವ ಹಿರಿಯರನ್ನು ಕಾಣಬೇಕಾದರೆ ಮಾಸ್ಟರ್ಸ್ ಈಜುಕೊಳಕ್ಕೇ ಹೋಗಬೇಕು. ತರಬೇತಿಯ ತೀವ್ರತೆ ಏರುವುದೂ ಆ ಹುಟ್ಟುಹಬ್ಬಗಳ ಮುಂಚಿನ ತಿಂಗಳುಗಳಲ್ಲಿಯೇ. ಜಪಾನಿನ ಮಿಯೆಕೊ ನಾಗಾಓಕಾ ಅವರು 2015ರಲ್ಲಿ, ತಮ್ಮ ನೂರನೆಯ ವಯಸ್ಸಿನಲ್ಲಿ, 1500 ಮೀಟರ್ ಫ್ರೀಸ್ಟೈಲ್ ಈಜನ್ನು ಒಂದೂಕಾಲು ಗಂಟೆ ದಾಟಿದ ಕೆಲವೇ ಕ್ಷಣಗಳಲ್ಲಿ ಮುಗಿಸಿ, ಈ ದೂರವನ್ನು ಪೂರೈಸಿದ ಮೊದಲ ಶತಾಯುಷಿ ಎನಿಸಿಕೊಂಡರು. ಆರ್ಥರ್ ಅವರ ನಂಬಿಕೆ ಎಷ್ಟು ದೂರ ಸಾಗಿತು ಎಂಬುದಕ್ಕೆ ಇದೊಂದೇ ನಿದರ್ಶನ ಸಾಕು.

ಲಯ ಹೇಗೆ ತಪ್ಪುತ್ತದೆ ಎಂಬುದನ್ನು ಅರಿಯಲು ಅದು ಹೇಗೆ ಹುಟ್ಟುತ್ತದೆ ಎಂಬುದನ್ನು ಮೊದಲು ತಿಳಿಯಬೇಕಾಗುತ್ತದೆ. ಹೃದಯದ ನಾಲ್ಕು ಕೋಣೆಗಳಲ್ಲಿ ಮೇಲಿನ ಎರಡಕ್ಕೆ ಹೃತ್ಕರ್ಣಗಳೆಂದೂ ಕೆಳಗಿನ ಎರಡಕ್ಕೆ ಹೃತ್ಕುಕ್ಷಿಗಳೆಂದೂ ಹೆಸರು. ಹೃತ್ಕರ್ಣಗಳು ರಕ್ತವನ್ನು ಬರಮಾಡಿಕೊಂಡರೆ ಹೃತ್ಕುಕ್ಷಿಗಳು ಅದನ್ನು ಹೊರದೂಡುತ್ತವೆ. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ, 1907ರಲ್ಲಿ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲಾಕ್ ಎಂಬ ಇಬ್ಬರು ಬ್ರಿಟಿಷ್ ಸಂಶೋಧಕರು ವಿವರಿಸಿದ ‘ಸೈನಸ್ ಗಂಟು’ ಎಂಬ ಪುಟ್ಟ ಅಂಗಾಂಶವಿದೆ. ತಂಬೂರಿಯ ಶ್ರುತಿಯಂತೆ ಉಳಿದೆಲ್ಲಕ್ಕೂ ಆಧಾರವಾಗಿರುವ ಈ ಗಂಟಿನಿಂದ ಹೊಮ್ಮಿದ ವಿದ್ಯುತ್ ಸಂಜ್ಞೆ ಮೊದಲು ಹೃತ್ಕರ್ಣಗಳಲ್ಲಿ ಹರಡಿ, ನಡುವಿನ ಇನ್ನೊಂದು ಗಂಟಿನಲ್ಲಿ ಒಂದಿಷ್ಟು ತಡೆದು ನಿಂತು, ಬಳಿಕ ಹೃತ್ಕುಕ್ಷಿಗಳಿಗೆ ಇಳಿಯುತ್ತದೆ. ಆ ಕ್ಷಣಮಾತ್ರದ ತಡೆಯಿಂದಾಗಿ ಮೇಲಿನ ಕೋಣೆಗಳು ರಕ್ತವನ್ನು ಪೂರ್ತಿ ಕೆಳಗಿಳಿಸಿದ ಮೇಲೆಯೇ ಕೆಳಗಿನ ಕೋಣೆಗಳು ಸಂಕುಚಿಸುತ್ತವೆ. ಈ ಸಂಜ್ಞೆಯ ಪ್ರಯಾಣವನ್ನು ಚರ್ಮದ ಮೇಲಿನಿಂದಲೇ ದಾಖಲಿಸುವ ವಿಧಾನವೇ ಇಸಿಜಿ. ಅದನ್ನು ರೂಪಿಸಿದ್ದಕ್ಕಾಗಿ ಹಾಲೆಂಡಿನ ವಿಲೆಮ್ ಐಂಟ್‌ಹೋವನ್ ಅವರಿಗೆ 1924ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ದೀರ್ಘಕಾಲದ ಕ್ರೀಡಾಭ್ಯಾಸ ಹೃದಯದ ಆಕಾರವನ್ನೇ ಬದಲಿಸುತ್ತದೆ ಎಂಬುದನ್ನು ಸ್ವೀಡನ್ನಿನ ವೈದ್ಯ ಸಾಲೊಮನ್ ಹೆನ್ಶೆನ್ 1899ರಷ್ಟು ಹಿಂದೆಯೇ, ಇನ್ನೂ ಎಕ್ಸ್-ರೇ ಬಳಕೆ ಸಾಮಾನ್ಯವಾಗಿರದ ಕಾಲದಲ್ಲಿ, ಹಿಮದ ಮೇಲೆ ಸ್ಕೀ ಓಡುವವರ ಎದೆಯನ್ನು ಬೆರಳಿನಿಂದ ತಟ್ಟಿ ಕೇಳಿ ಕಂಡುಕೊಂಡಿದ್ದರು. 1975ರಲ್ಲಿ ಜೋಯಲ್ ಮಾರ್ಗನ್‌ರಾತ್ ಮತ್ತು ಸಂಗಡಿಗರು ಶ್ರವಣಾತೀತ ತರಂಗಗಳ ನೆರವಿನಿಂದ ನಡೆಸಿದ ಎಕೊ ಪರೀಕ್ಷೆಗಳಲ್ಲಿ, ಈಜುಗಾರರು ಮತ್ತು ಓಟಗಾರರ ಎಡ ಹೃತ್ಕುಕ್ಷಿಯ ಒಳಾವರಣ ಹಿಗ್ಗಿರುವುದೂ, ಕುಸ್ತಿಪಟುಗಳು ಮತ್ತು ಗುಂಡೆಸೆತದವರಲ್ಲಿ ಅದರ ಗೋಡೆ ದಪ್ಪಗಾಗಿರುವುದೂ ಕಂಡುಬಂದವು. ಒಂದು ವರ್ಗದ ಹೃದಯ ಹೆಚ್ಚು ರಕ್ತವನ್ನು ಸಾಗಿಸುವ ಕೆಲಸಕ್ಕೂ ಇನ್ನೊಂದು ವರ್ಗದ ಹೃದಯ ಹೆಚ್ಚಿನ ಒತ್ತಡವನ್ನು ತಾಳುವ ಕೆಲಸಕ್ಕೂ ಒಗ್ಗಿಕೊಂಡಿರುತ್ತದೆ ಎಂಬುದು ಅವರ ವಿವರಣೆಯಾಗಿತ್ತು. ‘ಕ್ರೀಡಾಪಟುವಿನ ಹೃದಯ’ ಎಂದು ಕರೆಯಲಾಗುವ ಈ ಮಾರ್ಪಾಟು ಸ್ವತಃ ರೋಗವಲ್ಲ. ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ಹೊರಬೀಳುವುದರಿಂದಲೇ ನಿಧಾನದ ನಾಡಿ ಸಾಕಾಗುತ್ತದೆ.

ಈಜಿಗೆ ಇವೆಲ್ಲಕ್ಕೂ ಮಿಗಿಲಾದ ತನ್ನದೇ ಒಂದು ವೈಶಿಷ್ಟ್ಯವಿದೆ. ನಿಂತಿರುವ ಮನುಷ್ಯನ ರಕ್ತ ಗುರುತ್ವಕ್ಕೆ ಸೋತು ಕಾಲುಗಳಲ್ಲಿ ನಿಲ್ಲುತ್ತದೆ. ಆದರೆ ಕತ್ತಿನವರೆಗೆ ನೀರಿನಲ್ಲಿ ಮುಳುಗಿದಾಗ, ಕಾಲು ಮತ್ತು ಹೊಟ್ಟೆಯ ಸುತ್ತಲಿನ ನೀರಿನ ಒತ್ತಡ ಆ ರಕ್ತವನ್ನು ಎದೆಯೊಳಕ್ಕೆ ತಳ್ಳುತ್ತದೆ. 1972ರಲ್ಲಿ ಪ್ರಕಟವಾದ ಅರ್ಬೊರೀಲಿಯಸ್ ಮತ್ತು ಸಂಗಡಿಗರ ಪ್ರಯೋಗದಲ್ಲಿ ಹೀಗೆ ಎದೆಗೂಡಿಗೆ ಸರಿದ ರಕ್ತದ ಪ್ರಮಾಣ ಸುಮಾರು 700 ಮಿಲಿಲೀಟರ್ ಎಂದು ಅಳೆಯಲಾಯಿತು. ಈ ಹೆಚ್ಚುವರಿ ರಕ್ತವನ್ನು ಮೊದಲು ಸ್ವೀಕರಿಸಬೇಕಾದವು ತೆಳುಗೋಡೆಯ ಹೃತ್ಕರ್ಣಗಳಾದ್ದರಿಂದ ಅವು ಹಿಗ್ಗುತ್ತವೆ. ಹಿಗ್ಗಿದ ಹೃತ್ಕರ್ಣಗಳು, 1981ರಲ್ಲಿ ಅಡಾಲ್ಫೊ ಡಿ ಬೋಲ್ಡ್ ಬೆಳಕಿಗೆ ತಂದ ಒಂದು ಹಾರ್ಮೋನನ್ನು ಸ್ರವಿಸಿ, ದೇಹದಲ್ಲಿ ದ್ರವ ಹೆಚ್ಚಾಗಿದೆ ಎಂಬ ಸುದ್ದಿಯನ್ನು ಮೂತ್ರಪಿಂಡಗಳಿಗೆ ಮುಟ್ಟಿಸುತ್ತವೆ. ಕೊಳಕ್ಕಿಳಿದ ಸ್ವಲ್ಪ ಹೊತ್ತಿಗೇ ಮೂತ್ರಕ್ಕೆ ಅವಸರವಾಗುವುದು ಎಲ್ಲ ಈಜುಗಾರರ ಅನುಭವವಾಗಿದ್ದು, ಅದರ ಹಿಂದಿನ ಕಾರಣಗಳಲ್ಲಿ ಇದೂ ಒಂದು. ನೀರಿನಲ್ಲಿ ಗರಿಷ್ಠ ಹೃದಯ ಬಡಿತ ನೆಲದ ಮೇಲಿನದಕ್ಕಿಂತ ನಿಮಿಷಕ್ಕೆ ಹತ್ತರಷ್ಟು ಕಡಿಮೆ ಇರುವುದಕ್ಕೂ ಈಜುವಾಗಿನ ಮಲಗಿದ ಭಂಗಿ ಮತ್ತು ಎದೆ ತುಂಬಿದ ರಕ್ತವೇ ಬಹುಮಟ್ಟಿಗೆ ಹೊಣೆ. ವಾರಕ್ಕೆ ನಾಲ್ಕೈದು ದಿನ, ದಿನಕ್ಕೆ ಒಂದೆರಡು ಗಂಟೆಯಂತೆ ಮೂವತ್ತು ನಲವತ್ತು ವರ್ಷ ಈಜಿದವರ ಹೃತ್ಕರ್ಣಗಳು ಎಷ್ಟು ಸಾವಿರ ಗಂಟೆಗಳ ಕಾಲ ಹೀಗೆ ಹಿಗ್ಗಿ ನಿಂತಿರುತ್ತವೆ ಎಂದು ಎಣಿಸಿದರೆ, ಮುಂದಿನ ಕಥೆಯ ಬೀಜ ಎಲ್ಲಿದೆ ಎಂಬುದನ್ನು ಊಹಿಸಬಹುದು.

ಸೈನಸ್ ಗಂಟಿನ ಮೇಲೂ ತರಬೇತಿಯ ಗುರುತು ಉಳಿಯುತ್ತದೆ. ಕ್ರೀಡಾಪಟುಗಳ ನಾಡಿ ನಿಧಾನವಾಗುವುದಕ್ಕೆ, ಹೃದಯವನ್ನು ತಡೆಹಿಡಿದು ನಡೆಸುವ ವೇಗಸ್ ನರದ ಹಿಡಿತ ಬಲಗೊಳ್ಳುವುದೇ ಕಾರಣವೆಂದು ಬಹುಕಾಲ ನಂಬಲಾಗಿತ್ತು. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ, ಈಜಿಸಿ ತರಬೇತಿ ಕೊಟ್ಟ ಇಲಿಗಳ ಸೈನಸ್ ಗಂಟಿನಲ್ಲಿ ಲಯವನ್ನು ಹುಟ್ಟಿಸುವ ಒಂದು ಅಯಾನು ದ್ವಾರದ ಪ್ರಮಾಣವೇ ಕುಗ್ಗಿರುವುದನ್ನು ತೋರಿಸಿದರು. ನರದ ಹಿಡಿತವನ್ನು ಸಡಿಲಿಸಿದ ಮೇಲೂ ಆ ಹೃದಯಗಳು ನಿಧಾನವಾಗಿಯೇ ಬಡಿಯುತ್ತಿದ್ದವು. ಎಂದರೆ ತರಬೇತಿ ಬದಲಿಸುವುದು ಲಗಾಮಿನ ಬಿಗಿಯನ್ನಷ್ಟೇ ಅಲ್ಲ, ಕುದುರೆಯ ಸ್ವಭಾವವನ್ನೂ ಬದಲಿಸುತ್ತದೆ. ಯುವಕರಲ್ಲಿ ಇದರಿಂದ ತೊಂದರೆಯಿಲ್ಲ. ಆದರೆ ವಯಸ್ಸಿನೊಂದಿಗೆ ಸೈನಸ್ ಗಂಟು ತಾನಾಗಿಯೇ ಕ್ಷೀಣಿಸುವಾಗ ಇವೆರಡೂ ಕೂಡಿ, ಕೆಲವರಲ್ಲಿ ತಲೆಸುತ್ತು, ಕಣ್ಣು ಕತ್ತಲೆ ಬರುವುದು, ಮೂರ್ಛೆ ಮುಂತಾದ ಲಕ್ಷಣಗಳು ಕಾಣಿಸಿಕೊಳ್ಳಬಹುದು.

ಹಿರಿಯ ಕ್ರೀಡಾಪಟುಗಳನ್ನು ಹೆಚ್ಚಾಗಿ ಕಾಡುವ ಲಯದೋಷವೆಂದರೆ ‘ಏಟ್ರಿಯಲ್ ಫಿಬ್ರಿಲೇಶನ್’, ಎಂದರೆ ಹೃತ್ಕರ್ಣ ಕಂಪನ. ಈ ಸ್ಥಿತಿಯಲ್ಲಿ ಹೃತ್ಕರ್ಣಗಳಲ್ಲಿ ನಿಮಿಷಕ್ಕೆ 350ರಿಂದ 600ರವರೆಗೆ ಅಡ್ಡಾದಿಡ್ಡಿ ವಿದ್ಯುತ್ ಅಲೆಗಳೆದ್ದು, ಅವುಗಳ ಗೋಡೆ ಸಂಕುಚಿಸುವ ಬದಲು ಬರಿದೇ ನಡುಗುತ್ತದೆ. ನಡುವಿನ ಗಂಟು ಈ ಗದ್ದಲದಲ್ಲಿ ಕೆಲವು ಸಂಜ್ಞೆಗಳನ್ನು ಮಾತ್ರ, ಅದೂ ಯಾವ ಕ್ರಮವೂ ಇಲ್ಲದೆ, ಕೆಳಕ್ಕೆ ಬಿಡುವುದರಿಂದ ನಾಡಿಯ ಮಿಡಿತ ಒಂದಕ್ಕೊಂದು ಹೊಂದದೆ ಚೆಲ್ಲಾಪಿಲ್ಲಿಯಾಗುತ್ತದೆ. ಹೃದಯ ಹೊರದೂಡುವ ರಕ್ತ ಕಡಿಮೆಯಾಗಿ ಸುಸ್ತು ಬರುವುದು ಇದರ ಒಂದು ಪರಿಣಾಮ. ಅದಕ್ಕಿಂತ ಗಂಭೀರವಾದದ್ದು, ನಡುಗುವ ಹೃತ್ಕರ್ಣದ ಮೂಲೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಹರಿದು ಪಾರ್ಶ್ವವಾಯು ತರುವುದು. ಈ ಲಯದೋಷವಿರುವವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು ಐದು ಪಟ್ಟು ಹೆಚ್ಚು ಎಂಬುದನ್ನು ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಅಧ್ಯಯನ ದಾಖಲಿಸಿದೆ.

ದೀರ್ಘ ಸಾಧನೆಗೂ ಈ ಕಂಪನಕ್ಕೂ ನಂಟಿದೆ ಎಂಬ ಬಲವಾದ ಪುರಾವೆ ಬಂದದ್ದು ಈಜುಕೊಳದಿಂದಲ್ಲ, ಉತ್ತರ ಯುರೋಪಿನ ಕಾಡು ಮತ್ತು ಹಿಮದ ಹಾದಿಗಳಿಂದ. ಕಾಡಿನಲ್ಲಿ ನಕ್ಷೆ ಹಿಡಿದು ದಾರಿ ಹುಡುಕುತ್ತ ಓಡುವ ‘ಓರಿಯಂಟೀರಿಂಗ್’ ಕ್ರೀಡೆಯ ಹಿರಿಯ ಪಟುಗಳನ್ನು ಕುರಿತು 1998ರಲ್ಲಿ ಫಿನ್ಲೆಂಡಿನಿಂದ ಪ್ರಕಟವಾದ ಅಧ್ಯಯನದಲ್ಲಿ, ಬೇರೆ ಯಾವ ಕಾರಣವೂ ಇಲ್ಲದ ಹೃತ್ಕರ್ಣ ಕಂಪನ ಆ ಪಟುಗಳಲ್ಲಿ ಶೇ 5.3ರಷ್ಟು ಮಂದಿಗೂ ಹೋಲಿಕೆಯ ಗುಂಪಿನಲ್ಲಿ ಶೇ 0.9ರಷ್ಟು ಮಂದಿಗೂ ಕಂಡುಬಂತು. ಸ್ವೀಡನ್ನಿನ 90 ಕಿಲೋಮೀಟರ್ ಉದ್ದದ ವಾಸಾಲೊಪೆಟ್ ಸ್ಕೀ ಓಟವನ್ನು ಪೂರೈಸಿದ 52,755 ಮಂದಿಯ ದಾಖಲೆಗಳನ್ನು ಪರಿಶೀಲಿಸಿದ 2013ರ ವರದಿ, ಹೆಚ್ಚು ಬಾರಿ ಓಡಿದವರಲ್ಲಿಯೂ ಹೆಚ್ಚು ವೇಗವಾಗಿ ಓಡಿದವರಲ್ಲಿಯೂ ಲಯದೋಷದ ಸಾಧ್ಯತೆ ಸುಮಾರು ಶೇ 30ರಷ್ಟು ಏರಿರುವುದನ್ನು ತೋರಿಸಿತು. ಅದೇ ವರ್ಷ ಪ್ರಕಟವಾದ, ವಾರಗಟ್ಟಲೆ ಓಡಿಸಿದ ಇಲಿಗಳ ಮೇಲಿನ ಪ್ರಯೋಗ ಇದರ ಒಳಗುಟ್ಟನ್ನು ಬಿಡಿಸಿತು: ವೇಗಸ್ ನರದ ಪ್ರಭಾವ ಹೆಚ್ಚುವುದು, ಹೃತ್ಕರ್ಣ ಹಿಗ್ಗುವುದು, ಅದರ ಗೋಡೆಯಲ್ಲಿ ನಾರುಗಟ್ಟುವುದು — ಈ ಮೂರೂ ಸೇರಿದಾಗ ಕಂಪನ ಹುಟ್ಟುವುದು ಸುಲಭವಾಗುತ್ತಿತ್ತು. ಓಟ ನಿಲ್ಲಿಸಿದ ಮೇಲೆ ನರದ ಪ್ರಭಾವ ಬೇಗನೆ ಇಳಿದು ಕಂಪನದ ಪ್ರವೃತ್ತಿ ತಗ್ಗಿತಾದರೂ, ಹಿಗ್ಗಿದ ಗೋಡೆ ಮತ್ತು ಕಟ್ಟಿದ ನಾರು ಹಾಗೆಯೇ ಉಳಿದವು. ಈಜುಗಾರರ ಹೃತ್ಕರ್ಣವೂ ಹಿಗ್ಗುವಂಥದ್ದೇ, ಅವರ ವೇಗಸ್ ನರವೂ ಬಲವಾದದ್ದೇ ಆದ್ದರಿಂದ, ಸ್ಕೀ ಓಟಗಾರರಿಂದ ಕಲಿತ ಪಾಠವನ್ನು ಅವರಿಗೂ ಅನ್ವಯಿಸುವುದು ಅಸಂಗತವಾಗದು.

ಆದರೆ ಈ ಅಂಕಿಅಂಶಗಳನ್ನು ಓದಿ ಈಜನ್ನೇ ದೂರುವವರು ಅದೇ ಅಧ್ಯಯನಗಳ ಇನ್ನೊಂದು ಪುಟವನ್ನು ತಿರುವಿ ನೋಡಬೇಕು. ಫಿನ್ಲೆಂಡಿನ ಆ ಓಟಗಾರರಲ್ಲಿ ಹೃದಯದ ರಕ್ತನಾಳಗಳ ಕಾಯಿಲೆಯೂ ಸಾವಿನ ಪ್ರಮಾಣವೂ ಹೋಲಿಕೆಯ ಗುಂಪಿಗಿಂತ ಸ್ಪಷ್ಟವಾಗಿ ಕಡಿಮೆ ಇದ್ದವು. ಅಮೆರಿಕದಲ್ಲಿ 40,547 ಪುರುಷರನ್ನು ದೀರ್ಘಕಾಲ ಗಮನಿಸಿ 2008ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಕೂತೇ ಇರುವವರಿಗಿಂತ ಈಜುವವರ ಸಾವಿನ ಸಾಧ್ಯತೆ ಶೇ 53ರಷ್ಟು ಕಡಿಮೆಯೆಂದು ಕಂಡುಬಂದಿತ್ತು. ಐವತ್ತು ದಾಟಿದ, ರಕ್ತದೊತ್ತಡ ಏರತೊಡಗಿದ್ದ ವಯಸ್ಕರು ಹನ್ನೆರಡು ವಾರ ಈಜಿದಾಗ ಅವರ ಮೇಲಿನ ಅಂಕದ ಒತ್ತಡ ಸರಾಸರಿ 131ರಿಂದ 122ಕ್ಕೆ ಇಳಿದದ್ದನ್ನು 2012ರ ಇನ್ನೊಂದು ಅಧ್ಯಯನ ವರದಿ ಮಾಡಿದೆ. ಹೃತ್ಕರ್ಣ ಕಂಪನಕ್ಕೆ ಸಂಬಂಧಿಸಿಯೂ, 65 ದಾಟಿದ 5,446 ಮಂದಿಯನ್ನು ಒಳಗೊಂಡ ಅಮೆರಿಕದ ಅಧ್ಯಯನವೊಂದು ಹಗುರ ಮತ್ತು ಮಧ್ಯಮ ವ್ಯಾಯಾಮ ಅಪಾಯವನ್ನು ತಗ್ಗಿಸುತ್ತದೆ ಎಂದೇ ತೋರಿಸಿತು. ಒಟ್ಟಿನಲ್ಲಿ, ಏನನ್ನೂ ಮಾಡದವರಿಗೆ ಅಪಾಯ ಹೆಚ್ಚು, ಮಿತವಾಗಿ ಮಾಡುವವರಿಗೆ ಕಡಿಮೆ, ದಶಕಗಟ್ಟಲೆ ಅತಿಯಾಗಿ ಮಾಡಿದ ಪುರುಷರಿಗೆ ಮತ್ತೆ ಒಂದಿಷ್ಟು ಹೆಚ್ಚು. ಹೀಗೆ ಇಳಿದು ಏರುವ ಈ ರೇಖೆಯ ಕೊನೆಯ ತುದಿ ಮಹಿಳೆಯರಲ್ಲಿ ಅಷ್ಟು ಸ್ಪಷ್ಟವಾಗಿ ಮೇಲೇಳುವುದಿಲ್ಲ.

ಈಜುಗಾರರಲ್ಲಿ ಈ ದೋಷ ಮೊದಲು ಪ್ರಕಟವಾಗುವ ಬಗೆ ವಿಶಿಷ್ಟವಾದದ್ದು. ಎದೆ ಡವಗುಟ್ಟುವುದು ಅಥವಾ ಉಸಿರು ಸಾಲದಿರುವುದು ನೆಲದ ಮೇಲಿರುವವರಿಗೆ ಕೂಡಲೇ ಅರಿವಾಗುತ್ತದೆ. ಆದರೆ ನೀರಿನ ಸಪ್ಪಳದ ನಡುವೆ, ಪ್ರತಿ ಎರಡು ಮೂರು ಕೈಬೀಸಿಗೊಮ್ಮೆ ಮಾತ್ರ ಉಸಿರೆಳೆದುಕೊಳ್ಳುವವರಿಗೆ ಏದುಸಿರು ಸಹಜವೆಂದೇ ತೋರುತ್ತದೆ. ಅವರಿಗೆ ಮೊದಲು ಸುದ್ದಿ ಮುಟ್ಟಿಸುವುದು ಎದೆಯಲ್ಲ, ಕೊಳದ ಗೋಡೆಯ ಮೇಲಿನ ಗಡಿಯಾರ. ನೂರು ಮೀಟರನ್ನು ವರ್ಷಗಟ್ಟಲೆ ಒಂದೇ ಅವಧಿಯಲ್ಲಿ, ಒಂದೆರಡು ಸೆಕೆಂಡುಗಳ ವ್ಯತ್ಯಾಸದಲ್ಲಿ ಮುಗಿಸುತ್ತಿದ್ದವರಿಗೆ ಒಂದು ಬೆಳಿಗ್ಗೆ ಅದೇ ದೂರಕ್ಕೆ ಹತ್ತು ಹದಿನೈದು ಸೆಕೆಂಡು ಹೆಚ್ಚು ಬೇಕಾಗುತ್ತದೆ, ಮೊದಲ ಲ್ಯಾಪಿನಲ್ಲಿಯೇ ತೋಳುಗಳು ಭಾರವಾಗುತ್ತವೆ, ಮರುದಿನ ಎಲ್ಲವೂ ಮೊದಲಿನಂತಾಗುತ್ತದೆ. ವಯಸ್ಸಿನಿಂದ ಬರುವ ನಿಧಾನ ವರ್ಷದಿಂದ ವರ್ಷಕ್ಕೆ ಹನಿಹನಿಯಾಗಿ ಬರುವಂಥದ್ದು, ಲಯ ತಪ್ಪಿದ್ದರಿಂದ ಬರುವ ನಿಧಾನ ರಾತ್ರಿ ಬೆಳಗಾಗುವುದರಲ್ಲಿ ಬಂದು ಹೋಗುವಂಥದ್ದು. ಈ ವ್ಯತ್ಯಾಸವನ್ನು ಅರಿಯದೆ ಎಷ್ಟೋ ಮಂದಿ ನಿದ್ದೆ ಸಾಲದ್ದನ್ನೋ ಹಿಂದಿನ ದಿನದ ದಣಿವನ್ನೋ ಕಾರಣವಾಗಿಸಿಕೊಂಡು ಇನ್ನಷ್ಟು ಬಲವಾಗಿ ಈಜುತ್ತಾರೆ.

ಗಡಿಯಾರ ಎಬ್ಬಿಸಿದ ಅನುಮಾನವನ್ನು ಬೆರಳು ಪರಿಹರಿಸಬಲ್ಲದು. ಒಂದು ಸೆಟ್ ಮುಗಿದೊಡನೆ ಗೋಡೆಗೆ ಆತುಕೊಂಡು, ಎರಡು ಬೆರಳನ್ನು ದವಡೆಯ ಕೆಳಗಿನ ಕುತ್ತಿಗೆಯ ನಾಡಿಯ ಮೇಲಿಟ್ಟು, ಗಡಿಯಾರ ನೋಡುತ್ತ ಹತ್ತು ಸೆಕೆಂಡು ಎಣಿಸಿ ಆರರಿಂದ ಗುಣಿಸುವುದು ಈಜು ತರಬೇತಿಯ ಹಳೆಯ ರೂಢಿ. 24 ಎಣಿಸಿದರೆ ನಿಮಿಷಕ್ಕೆ 144. ಈ ಎಣಿಕೆಯಲ್ಲಿ ಸಂಖ್ಯೆಯಷ್ಟೇ ಮುಖ್ಯವಾದದ್ದು ಮಿಡಿತಗಳ ನಡುವಿನ ಅಂತರ. ಸಹಜ ಲಯದಲ್ಲಿ ಮಿಡಿತಗಳು ವೇಗವಾಗಿದ್ದರೂ ಸಮನಾಗಿದ್ದು, ನಿಂತಂತೆಲ್ಲ ಒಂದೇ ಕ್ರಮದಲ್ಲಿ ಇಳಿಯುತ್ತವೆ. ನಡುನಡುವೆ ಒಂದು ಮಿಡಿತ ಬೇಗ ಬಂದು ಮುಂದಿನದು ತಡವಾದರೆ ಅದು ಬಹುಪಾಲು ‘ಎಕ್ಟೋಪಿಕ್’, ಎಂದರೆ ಬೇರೆ ಜಾಗದಿಂದ ಹೊಮ್ಮಿದ ಬಿಡಿ ಬಡಿತ. ಆರೋಗ್ಯವಂತರಲ್ಲಿಯೂ ಇಂಥವು ಇರುತ್ತವಾದರೂ ವ್ಯಾಯಾಮ ಏರಿದಂತೆ ಹೆಚ್ಚಾಗುವ ಬಿಡಿ ಬಡಿತಗಳಿಗೆ ಪರೀಕ್ಷೆ ಅಗತ್ಯ. ಮಿಡಿತ ಎಣಿಕೆಗೇ ಸಿಗದಂತೆ ಒಮ್ಮೆ ಗಟ್ಟಿಯಾಗಿ ಒಮ್ಮೆ ಕ್ಷೀಣವಾಗಿ, ಒಮ್ಮೆ ಒತ್ತೊತ್ತಾಗಿ ಒಮ್ಮೆ ಬಿಡಿಬಿಡಿಯಾಗಿ ಬರುತ್ತಿದ್ದರೆ ಮತ್ತು ಐದಾರು ನಿಮಿಷದ ವಿಶ್ರಾಂತಿಯ ನಂತರವೂ ಹಾಗೆಯೇ ಇದ್ದರೆ, ಅದನ್ನು ಹೃತ್ಕರ್ಣ ಕಂಪನವೆಂದೇ ಶಂಕಿಸಿ ನೀರಿನಿಂದ ಮೇಲೇರಬೇಕು. ಅಭ್ಯಾಸದ ಹೊತ್ತಿನಲ್ಲಿ ಬಾರದ ಕಂಪನ ಸಂಜೆ ಊಟದ ನಂತರ ಅಥವಾ ನಿದ್ದೆಯಲ್ಲಿ, ಎಂದರೆ ವೇಗಸ್ ನರದ ಪ್ರಭಾವ ಮೇಲಾಗಿರುವ ವೇಳೆಯಲ್ಲಿ, ಬರುವುದೂ ಕ್ರೀಡಾಪಟುಗಳಲ್ಲಿ ಸಾಮಾನ್ಯ.

ಇದಿಷ್ಟೂ ನಿಧಾನವಾಗಿ ಬೆಳೆಯುವ ತೊಂದರೆಯಾಯಿತು. ನೀರಿನಲ್ಲಿ ಹಠಾತ್ತಾಗಿ ಎರಗುವ ಅಪಾಯಗಳೂ ಇವೆ. 35 ದಾಟಿದ ಕ್ರೀಡಾಪಟುಗಳ ಹಠಾತ್ ಸಾವಿಗೆ ಮುಖ್ಯ ಕಾರಣ ಹೃತ್ಕರ್ಣ ಕಂಪನವಲ್ಲ; ಹೃದಯಕ್ಕೆ ರಕ್ತ ಒಯ್ಯುವ ಅಪಧಮನಿಗಳು ಕೊಬ್ಬುಗಟ್ಟಿ ಕಿರಿದಾಗುವುದು ಮತ್ತು ಅದರಿಂದ ಹೃತ್ಕುಕ್ಷಿಗಳ ಲಯವೇ ಕುಸಿಯುವುದು. 100 ಮೀಟರ್ ಬ್ರೆಸ್ಟ್‌ಸ್ಟ್ರೋಕಿನ ವಿಶ್ವ ಚಾಂಪಿಯನ್, ನಾರ್ವೆಯ ಅಲೆಕ್ಸಾಂಡರ್ ಡಾಲೆ ಓಯೆನ್ 2012ರ ಏಪ್ರಿಲ್ 30ರಂದು ತಮ್ಮ 26ನೆಯ ವಯಸ್ಸಿಗೇ ತೀರಿಕೊಂಡದ್ದು ಈ ಕಾಯಿಲೆಯಿಂದಲೇ. ಪದಕಗಳು ರಕ್ತನಾಳಗಳಿಗೆ ಕಾವಲಾಗಲಾರವು ಎಂಬುದನ್ನು ಆ ಸಾವು ಕಠೋರವಾಗಿ ತಿಳಿಸಿತು. ಈಜು, ಸೈಕಲ್, ಓಟ ಮೂರೂ ಇರುವ ಅಮೆರಿಕದ ಟ್ರಯಾತ್ಲಾನ್ ಸ್ಪರ್ಧೆಗಳಲ್ಲಿ 1985ರಿಂದ 2016ರವರೆಗೆ ಸಂಭವಿಸಿದ 135 ಸಾವು ಹಾಗೂ ಹೃದಯ ಸ್ತಂಭನ ಪ್ರಕರಣಗಳ ಪೈಕಿ 90 ಈಜಿನ ಹಂತದಲ್ಲಿಯೇ ಆಗಿದ್ದವು. ಒಟ್ಟಾರೆ ಪ್ರಮಾಣ ಲಕ್ಷ ಸ್ಪರ್ಧಿಗಳಿಗೆ 1.74 ಇದ್ದರೆ, 60 ದಾಟಿದ ಪುರುಷರಲ್ಲಿ ಅದು 18.6ಕ್ಕೆ ಏರಿತ್ತು. ಮರಣೋತ್ತರ ಪರೀಕ್ಷೆಗೆ ಒಳಗಾದವರಲ್ಲಿ ಅರ್ಧಕ್ಕೆ ಸಮೀಪದಷ್ಟು ಮಂದಿಗೆ ಮೊದಲೇ ಹೃದಯ ಅಥವಾ ರಕ್ತನಾಳದ ದೋಷವಿದ್ದುದು ತಿಳಿದುಬಂತು.

ಈಜಿನ ಹಂತವೇ ಏಕೆ ಎಂಬ ಪ್ರಶ್ನೆಗೆ ಬ್ರಿಟನ್ನಿನ ಮೈಕೆಲ್ ಶ್ಯಾಟಕ್ ಮತ್ತು ಮೈಕ್ ಟಿಪ್ಟನ್ 2012ರಲ್ಲಿ ಒಂದು ಉತ್ತರ ಕೊಟ್ಟರು. ಮುಖ ತಣ್ಣೀರಿಗೆ ತಾಗಿ ಉಸಿರು ಹಿಡಿದಾಗ, ಸೀಲ್ ಮತ್ತು ತಿಮಿಂಗಿಲಗಳಲ್ಲಿ ಆಗುವಂತೆ ಮನುಷ್ಯರಲ್ಲಿಯೂ ವೇಗಸ್ ನರ ಹೃದಯವನ್ನು ನಿಧಾನಿಸುತ್ತದೆ. ಅದೇ ಕ್ಷಣ ಮೈಗೆ ತಟ್ಟಿದ ಚಳಿ ಮತ್ತು ಸ್ಪರ್ಧೆಯ ಉದ್ವೇಗ ಅಡ್ರಿನಲಿನ್ ಹರಿಸಿ ಹೃದಯವನ್ನು ಓಡಿಸುತ್ತವೆ. ಒಂದೇ ಹೃದಯಕ್ಕೆ ಓಡು ಎಂದೂ ನಿಲ್ಲು ಎಂದೂ ಏಕಕಾಲಕ್ಕೆ ಬರುವ ಈ ಎರಡು ಆಜ್ಞೆಗಳ ತಿಕ್ಕಾಟವನ್ನು ಅವರು ‘ಸ್ವಯಂಚಾಲಿತ ನರಗಳ ಸಂಘರ್ಷ’ ಎಂದು ಕರೆದರು. ಆರೋಗ್ಯವಂತ ಯುವಕರಲ್ಲಿಯೂ ಇದರಿಂದ ಕ್ಷಣಿಕ ಲಯದೋಷಗಳು, ವಿಶೇಷವಾಗಿ ಹಿಡಿದ ಉಸಿರನ್ನು ಬಿಟ್ಟ ಆಸುಪಾಸಿನಲ್ಲಿ, ಕಾಣಿಸುತ್ತವೆ. ಕಿರಿದಾದ ರಕ್ತನಾಳ ಅಥವಾ ಹುಟ್ಟಿನಿಂದ ಬಂದ ವಿದ್ಯುತ್ ದೋಷವಿರುವ ಹೃದಯ ಅದನ್ನು ತಾಳದೆ ಹೋಗಬಹುದು. ಸ್ಪರ್ಧಾ ಕೊಳದ ನೀರು 25ರಿಂದ 28 ಡಿಗ್ರಿ ಸೆಲ್ಸಿಯಸ್ ಇರುವುದರಿಂದ ಈ ಅಪಾಯ ಅಲ್ಲಿ ಕಡಿಮೆ. 16 ಡಿಗ್ರಿಯವರೆಗೂ ಸ್ಪರ್ಧೆಗೆ ಅವಕಾಶವಿರುವ ನದಿ ಸಮುದ್ರಗಳಲ್ಲಿ ಹೆಚ್ಚು. ತಣ್ಣೀರಿನಲ್ಲಿ, ವಿಶೇಷವಾಗಿ ರಕ್ತದೊತ್ತಡವಿರುವ ಹಿರಿಯರಲ್ಲಿ, ಎದೆಗೆ ಸರಿದ ರಕ್ತದ ಒತ್ತಡದಿಂದ ಶ್ವಾಸಕೋಶದೊಳಗೆ ದ್ರವ ಜಿನುಗುವುದೂ ಉಂಟು. ಈಜುತ್ತಿರುವಾಗಲೇ ಬಿಡದೆ ಕೆಮ್ಮು ಬಂದು, ಎದೆಯಲ್ಲಿ ಗೊರಗೊರ ಸದ್ದಾಗಿ, ಗುಲಾಬಿ ಬಣ್ಣದ ನೊರೆಗಫ ಕಂಡರೆ ನೀರು ಕುಡಿದದ್ದರ ಫಲವೆಂದು ಉಪೇಕ್ಷಿಸದೆ ಕೂಡಲೇ ದಡ ಸೇರಬೇಕು.

ಕರ್ನಾಟಕದ ಹಿರಿಯ ಈಜುಗಾರರಿಗೆ ಈ ಸಾಮಾನ್ಯ ಎಚ್ಚರಗಳ ಜೊತೆಗೆ ಇನ್ನೆರಡು ಮಾತು ಸೇರಿಸಬೇಕಾಗುತ್ತದೆ. ಬೆನ್ನಿಗೆ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿಕೊಂಡು ಊರ ಬಾವಿ, ಕೆರೆಗಳಲ್ಲಿ ಈಜು ಕಲಿತ ತಲೆಮಾರು, ನಿವೃತ್ತಿಯ ನಂತರ ನಗರದ ಕೊಳಗಳಲ್ಲಿ ಮತ್ತೆ ಈಜಿಗೆ ಮರಳುವಾಗ, ಬಾಲ್ಯದಲ್ಲಿ ಬಂದುಹೋದ ಸಂಧಿವಾತ ಜ್ವರದ ನೆನಪೂ ಇರುವುದಿಲ್ಲ. ಆ ಜ್ವರ ಹೃದಯದ ಕವಾಟವನ್ನು ಕಿರಿದಾಗಿಸಿ ದಶಕಗಳ ನಂತರ ಹೃತ್ಕರ್ಣ ಕಂಪನಕ್ಕೆ ಕಾರಣವಾಗುವುದು ಶ್ರೀಮಂತ ದೇಶಗಳಲ್ಲಿ ಅಪರೂಪವಾಗಿದ್ದರೂ ಭಾರತದಲ್ಲಿ ಇನ್ನೂ ಅಪರೂಪವಲ್ಲ. ಎರಡನೆಯದಾಗಿ, 2007ರಲ್ಲಿ ಪ್ರಕಟವಾದ ಬಹುರಾಷ್ಟ್ರೀಯ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವಾಗುವ ಸರಾಸರಿ ವಯಸ್ಸು 53 ಎಂದೂ ಉಳಿದ ದೇಶಗಳವರಿಗೆ 58.8 ಎಂದೂ ಕಂಡುಬಂದಿದೆ. ಆದ್ದರಿಂದ ಪಾಶ್ಚಾತ್ಯ ಈಜುಗಾರರು ಅರವತ್ತರಲ್ಲಿ ಮಾಡಿಸಿಕೊಳ್ಳುವ ಪರೀಕ್ಷೆಗಳನ್ನು ಇಲ್ಲಿಯವರು ಐವತ್ತರಲ್ಲಿಯೇ ಮಾಡಿಸಿಕೊಳ್ಳುವುದು ವಿವೇಕ.

ಪರೀಕ್ಷೆಗಳು ದುಬಾರಿಯವೇನಲ್ಲ. ಲಯ ತಪ್ಪಿರುವಾಗಲೇ ತೆಗೆದ ಒಂದು ಇಸಿಜಿ ನಿರ್ಣಾಯಕ ಸಾಕ್ಷಿ. ಕಂಪನ ಬಂದು ಹೋಗುವಂಥದ್ದಾದರೆ ‘ಹೋಲ್ಟರ್’ ಎಂಬ ಪುಟ್ಟ ಯಂತ್ರವನ್ನು ಎದೆಗೆ ಅಂಟಿಸಿ ಒಂದು ದಿನ ಅಥವಾ ಅದಕ್ಕೂ ಹೆಚ್ಚು ಕಾಲ ದಾಖಲಿಸಬೇಕಾಗುತ್ತದೆ. ಕವಾಟ ಮತ್ತು ಕೋಣೆಗಳ ಗಾತ್ರಕ್ಕೆ ಎಕೊ, ರಕ್ತನಾಳಗಳ ಸುಳಿವಿಗೆ ಟ್ರೆಡ್‌ಮಿಲ್ ಪರೀಕ್ಷೆ, ಜೊತೆಗೆ ಥೈರಾಯ್ಡ್ ಮತ್ತು ಸಕ್ಕರೆಯ ರಕ್ತಪರೀಕ್ಷೆ ಬೇಕಾಗುತ್ತವೆ. ಜೋರಾಗಿ ಗೊರಕೆ ಹೊಡೆಯುತ್ತ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಕಂಪನದ ಗೆಳೆಯನಾದ್ದರಿಂದ ಅದನ್ನೂ ವಿಚಾರಿಸಬೇಕು. ಕೈಗಡಿಯಾರಗಳ ಬೆಳಕಿನ ಸಂವೇದಕಗಳು ನೆಲದ ಮೇಲೆ ಉಪಯುಕ್ತವಾದರೂ, ಬೀಸುವ ತೋಳು ಮತ್ತು ಚರ್ಮದ ನಡುವೆ ನುಗ್ಗುವ ನೀರಿನಿಂದಾಗಿ ಈಜುವಾಗ ಅವು ತಪ್ಪುವುದೇ ಹೆಚ್ಚು; ಮೈ ಒರೆಸಿಕೊಂಡು ಕೂತು ನೋಡಿದ ಅಂಕಿಯನ್ನಷ್ಟೇ ನೆಚ್ಚಬೇಕು.

ಚಿಕಿತ್ಸೆಯಲ್ಲಿ ಮೊದಲು ತೀರ್ಮಾನವಾಗಬೇಕಾದದ್ದು ಲಯದ ವಿಷಯವಲ್ಲ, ಹೆಪ್ಪಿನ ವಿಷಯ. ರಕ್ತದೊತ್ತಡ, ಮಧುಮೇಹ, ಹೃದಯ ವೈಫಲ್ಯ, ಹಿಂದೆ ಆದ ಪಾರ್ಶ್ವವಾಯು ಮುಂತಾದವುಗಳಿಗೆ ಅಂಕ ಕೊಟ್ಟು ಕೂಡಿಸುವ ಪಟ್ಟಿಯಲ್ಲಿ 65 ತುಂಬಿದವರಿಗೆ ಒಂದು ಅಂಕ, 75 ತುಂಬಿದವರಿಗೆ ಎರಡು. ಮಾಸ್ಟರ್ಸ್ ಕೊಳದಲ್ಲಿ ಹೊಸ ವರ್ಗವನ್ನೂ ಹೊಸ ದಾಖಲೆಯ ಆಸೆಯನ್ನೂ ತರುವ ಅದೇ ಹುಟ್ಟುಹಬ್ಬಗಳು ವೈದ್ಯರ ಪಟ್ಟಿಯಲ್ಲಿ ಅಪಾಯದ ಮೆಟ್ಟಿಲುಗಳಾಗಿರುತ್ತವೆ. ಈ ಅಂಕಗಣನೆಯಲ್ಲಿ ಪದಕಗಳಿಗಾಗಲಿ ನಿಧಾನದ ನಾಡಿಗಾಗಲಿ ಯಾವ ರಿಯಾಯಿತಿಯೂ ಇಲ್ಲ. ಅಂಕ ಸಾಕಷ್ಟಿದ್ದರೆ ಅಪಿಕ್ಸಾಬಾನ್, ಡಾಬಿಗಟ್ರಾನ್‌ನಂಥ ಹೆಪ್ಪುರೋಧಕ ಮಾತ್ರೆಗಳನ್ನು ಕೊಡಲಾಗುತ್ತದೆ. ಸಂಧಿವಾತ ಜ್ವರದಿಂದ ಕವಾಟ ಕಿರಿದಾದವರಿಗೆ ಮಾತ್ರ ಹಳೆಯ ವಾರ್ಫರಿನ್ ವರ್ಗದ ಔಷಧವೇ ಮೇಲೆಂದು 2022ರ ಇನ್‌ವಿಕ್ಟಸ್ ಪ್ರಯೋಗ ತೋರಿಸಿದೆ. ಇವನ್ನು ಸೇವಿಸುವವರು ಈಜನ್ನು ಬಿಡಬೇಕಾಗಿಲ್ಲ. ಆದರೆ ತಲೆಗೆ ಪೆಟ್ಟಾದರೆ ಒಳಗೆ ರಕ್ತಸ್ರಾವವಾಗುವ ಭಯವಿರುವುದರಿಂದ, ಬೆನ್ನೀಜಿನಲ್ಲಿ ಗೋಡೆಗೆ ಮತ್ತು ಜನಜಂಗುಳಿಯ ಸಾಲಿನಲ್ಲಿ ಪಕ್ಕದವರಿಗೆ ತಲೆ ತಾಗದಂತೆ ಎಚ್ಚರ ವಹಿಸಬೇಕು.

ಬಡಿತವನ್ನು ತಗ್ಗಿಸಲು ಕೊಡುವ ಬೀಟಾ ಬ್ಲಾಕರ್ ಮಾತ್ರೆಗಳು, ಮೊದಲೇ 45ರಲ್ಲಿರುವ ನಾಡಿಯನ್ನು ಇನ್ನೂ ಕೆಳಗಿಳಿಸಿ ಈಜುಗಾರರನ್ನು ಬಸವಳಿಯುವಂತೆ ಮಾಡುತ್ತವೆ. ಈ ಕಾರಣದಿಂದ ಕ್ರೀಡಾಪಟುಗಳಲ್ಲಿ ‘ಅಬ್ಲೇಶನ್’ ಚಿಕಿತ್ಸೆಯತ್ತ ಒಲವು ಹೆಚ್ಚು. ಫ್ರಾನ್ಸಿನ ಬೋರ್ದೊ ನಗರದ ಮಿಶೆಲ್ ಹೈಸಾಗೆರ್ ಮತ್ತು ಸಂಗಡಿಗರು 1998ರಲ್ಲಿ 45 ರೋಗಿಗಳನ್ನು ಪರೀಕ್ಷಿಸಿ, ಕಂಪನವನ್ನು ಹೊತ್ತಿಸುವ ಕಿಡಿಗಳಲ್ಲಿ ಶೇ 94ರಷ್ಟು, ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ ರಕ್ತ ತರುವ ಅಭಿಧಮನಿಗಳ ಒಳಗಿನಿಂದಲೇ ಹೊಮ್ಮುತ್ತವೆ ಎಂದು ತೋರಿಸಿದರು. ತೊಡೆಸಂದಿಯ ರಕ್ತನಾಳದ ಮೂಲಕ ಸಣ್ಣ ತಂತಿಯನ್ನು ಹೃದಯಕ್ಕೆ ಕಳಿಸಿ, ಆ ಅಭಿಧಮನಿಗಳ ಬಾಯಿಯ ಸುತ್ತ ಶಾಖದಿಂದಲೋ ಶೀತದಿಂದಲೋ ಗಾಯದ ಬೇಲಿಯೊಂದನ್ನು ಕಟ್ಟುವುದೇ ಈ ಚಿಕಿತ್ಸೆ. ಕಿಡಿ ಹುಟ್ಟಿದರೂ ಬೇಲಿ ದಾಟಲಾರದು. ಕಂಪನ ಮರುಕಳಿಸದಿದ್ದರೆ ಸಾಮಾನ್ಯವಾಗಿ ತಿಂಗಳೊಂದರ ನಂತರ ಅಭ್ಯಾಸಕ್ಕೆ ಮರಳಬಹುದಾದರೂ ಕೆಲವರಿಗೆ ಎರಡನೆಯ ಬಾರಿ ಚಿಕಿತ್ಸೆ ಬೇಕಾಗುತ್ತದೆ. ಸೈನಸ್ ಗಂಟೇ ಸೋತು ಪೇಸ್‌ಮೇಕರ್ ಅಳವಡಿಸಿಕೊಂಡವರು ಆ ಬದಿಯ ತೋಳನ್ನು ನಾಲ್ಕರಿಂದ ಆರು ವಾರ ಮೇಲೆತ್ತಿ ಬೀಸಬಾರದು. ಮುಂದೆಯೂ ತೋಳಿನ ನಿರಂತರ ತಿರುಗಾಟದಿಂದ ತಂತಿ ಸವೆಯುವ ಸಾಧ್ಯತೆಯಿರುವುದರಿಂದ, ತಾವು ಈಜುಗಾರರೆಂಬುದನ್ನು ಶಸ್ತ್ರಚಿಕಿತ್ಸೆಗೆ ಮುಂಚೆಯೇ ವೈದ್ಯರಿಗೆ ತಿಳಿಸಬೇಕು. ಔಷಧಕ್ಕಿಂತ ಅಗ್ಗದ ಉಪಾಯವೂ ಒಂದುಂಟು: ತೀವ್ರ ಸೆಟ್‌ಗಳನ್ನು ಕಡಿಮೆ ಮಾಡಿ, ಎರಡು ಕಠಿಣ ದಿನಗಳ ನಡುವೆ ಬಿಡುವು ಕೊಟ್ಟು, ಮದ್ಯವನ್ನು ದೂರವಿಟ್ಟಾಗ ಕಂಪನದ ಬಾಧೆ ತಾನಾಗಿಯೇ ಇಳಿಮುಖವಾಗುವುದನ್ನು ಕೆಲವರಲ್ಲಿ ಕಾಣಬಹುದು.

ಕೊಳ ನಡೆಸುವವರ ಹೊಣೆಯೂ ಇಲ್ಲಿದೆ. ಹಿರಿಯರು ಈಜುವ ಹೊತ್ತಿನಲ್ಲಿ ದಡದ ಮೇಲೆ ಎದೆ ಒತ್ತಿ ಉಸಿರು ಕೊಡಬಲ್ಲ ಒಬ್ಬರಾದರೂ ಇರಬೇಕು. ಕುಸಿದ ಲಯವನ್ನು ವಿದ್ಯುತ್ ಆಘಾತದಿಂದ ಸರಿಪಡಿಸುವ ಎಇಡಿ ಯಂತ್ರ ಬೀಗ ಹಾಕಿದ ಕಚೇರಿಯೊಳಗಲ್ಲದೆ ಕೈಗೆಟಕುವ ಗೋಡೆಯ ಮೇಲಿರಬೇಕು. ನೀರಿನಲ್ಲಿ ನಿಶ್ಚಲರಾದವರನ್ನು ಮೇಲೆತ್ತಿ, 108ಕ್ಕೆ ಕರೆ ಮಾಡಿಸಿ, ಉಸಿರು ಕೊಡುವುದನ್ನೂ ಎದೆ ಒತ್ತುವುದನ್ನೂ ತಡಮಾಡದೆ ಆರಂಭಿಸಿ, ಒದ್ದೆ ಎದೆಯನ್ನು ಒರೆಸಿದ ಮೇಲೆಯೇ ಯಂತ್ರದ ಪಟ್ಟಿಗಳನ್ನು ಅಂಟಿಸಬೇಕು.

ಸ್ಪರ್ಧೆಯ ಆಸೆಯಿಂದ ಹಿರಿಯರು ನೀರಿಗಿಳಿಯಲಿ ಎಂದು ಬಯಸಿದ ಆರ್ಥರ್ ಅವರ ಲೆಕ್ಕಾಚಾರ ತಪ್ಪಾಗಿರಲಿಲ್ಲ. ಈಜಿನಿಂದ ದೊರೆಯುವ ಆಯುಸ್ಸು ಮತ್ತು ಆರೋಗ್ಯದ ಮುಂದೆ ಲಯದೋಷದ ಅಪಾಯ ಚಿಕ್ಕದೇ. ಅದು ಚಿಕ್ಕದಾಗಿಯೇ ಉಳಿಯಬೇಕಾದರೆ ಐವತ್ತು ವರ್ಷಗಳ ರೂಢಿಯೊಂದನ್ನು ಸ್ವಲ್ಪ ತಿದ್ದಿಕೊಂಡರೆ ಸಾಕು: ಸೆಟ್ ಮುಗಿದು ಗೋಡೆಗೆ ಆತುಕೊಂಡಾಗ ಬೆರಳು ಕುತ್ತಿಗೆಗೆ ಹೇಗೂ ಹೋಗುತ್ತದೆ, ಕಣ್ಣು ಗಡಿಯಾರದ ಮೇಲೆ ಹೇಗೂ ಇರುತ್ತದೆ, ಹತ್ತು ಸೆಕೆಂಡಿನ ಆ ಎಣಿಕೆಯಲ್ಲಿ ಮಿಡಿತ ಎಷ್ಟು ಎಂಬುದರ ಜೊತೆಗೆ ಹೇಗಿದೆ ಎಂಬುದನ್ನೂ ಗಮನಿಸಿ, ಅದು ಸಮನಾಗಿಲ್ಲವೆಂದು ಬೆರಳು ಹೇಳಿದ ದಿನ ಉಳಿದ ಲ್ಯಾಪುಗಳನ್ನು ನಾಳೆಗೆ ಬಿಟ್ಟು ಮೇಲೇರಬೇಕು.